ಶಸ್ತ್ರಚಿಕಿತ್ಸೆ ಮತ್ತು ಪಥ್ಯ: ವೈದ್ಯರು ಹೇಳಿದ್ದೇನು, ನಾವು ತಿಳಿದದ್ದೇನು?

ಉಣ್ಣುವ ಅನ್ನವನ್ನು ಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಭಾವಿಸಿ ಸ್ವೀಕರಿಸುವುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಆಚರಣೆ. ಆದುದರಿಂದಲೇ ನಮ್ಮಲ್ಲಿ ಆಹಾರವೆಂಬುದು ಕೇವಲ ಹೊಟ್ಟೆಯ ವಿಷಯವಾಗಿ ಉಳಿದಿಲ್ಲ. ಅದು ಭಕ್ತಿಯ, ಪ್ರೀತಿಯ, ಮರ್ಯಾದೆಯ ವಿಷಯವೂ ಆಗಿದೆ. ಹಸಿದವನಿಗೆ ಉಣಬಡಿಸದೆ ಕಳುಹಿಸಬಾರದು, ರೋಗಿಯನ್ನು ಕಾಣಲು ಬರಿಗೈಯಲ್ಲಿ ಹೋಗಬಾರದು ಎಂಬ ಸಂಪ್ರದಾಯಗಳು ಹುಟ್ಟಿದ್ದು ಇದೇ ಭಾವನೆಯಿಂದ. ಇವೆಲ್ಲವೂ ಒಳ್ಳೆಯವೇ. ಆದರೆ ಹೊಟ್ಟೆಯೇ ಶಸ್ತ್ರಚಿಕಿತ್ಸೆಗೆ ಒಳಗಾಗುವ ಸಂದರ್ಭದಲ್ಲಿ ಈ ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಇರಬೇಕು. ಇಲ್ಲದಿದ್ದರೆ ಪ್ರೀತಿಯೇ ಅಪಾಯವನ್ನು ತಂದೀತು. ಈ ಮಾತನ್ನು ನಾವು ಗ್ರಂಥದಿಂದ ಕಲಿಯಲಿಲ್ಲ; ಆಸ್ಪತ್ರೆಯ ಮಂಚದ ಮೇಲೆ ಮಲಗಿ ಕಲಿತೆವು.

2019ರ ಕಾರ್ತಿಕ ಮಾಸದಲ್ಲಿ ಪಿತ್ತಕೋಶದ ಹರಳಿನ ಬಾಧೆಯಿಂದ ನಾವು ನಗರವೊಂದರ ಆಸ್ಪತ್ರೆಗೆ ದಾಖಲಾಗಿದ್ದೆವು. ಪಕ್ಕದ ಮಂಚದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಒಕ್ಕಲಿಗ ಹಿರಿಯರಿದ್ದರು. ಅವರಿಗೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕರುಳಿನ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ರಾತ್ರಿಯೇ ದಾದಿಯು ಬಂದು, "ಅಜ್ಜಾರೇ, ನಾಳೆ ಉಪವಾಸ ಇರಬೇಕು" ಎಂದು ಹೇಳಿ ಹೋದಳು. ಹಿರಿಯರು ಭಕ್ತಿಯಿಂದ ತಲೆಯಾಡಿಸಿದರು. ಬೆಳಗಿನ ಜಾವ ಎದ್ದು, ವಿಭೂತಿ ಧರಿಸಿ, ಮಂಚದ ಮೇಲೆಯೇ ಕುಳಿತು ಲಿಂಗಪೂಜೆ ಮಾಡಿಕೊಂಡರು. ಅವರ ಧರ್ಮಪತ್ನಿಯವರು ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಅರ್ಪಿಸಿ ಪ್ರಸಾದವೆಂದು ಕೊಟ್ಟರು. ಹಿರಿಯರು ಸ್ವೀಕರಿಸಿದರು. ಆಗ ಗಂಟೆ ಆರೂವರೆ.

ಎಂಟು ಗಂಟೆಗೆ ದಾದಿಯು ಬಂದು ಕೇಳಿದಳು: "ಊಟ ತಿಂಡಿ ಏನಾದರೂ ಮಾಡಿದ್ದೀರಾ?"

"ಇಲ್ರೀ ಅವ್ವಾ, ನಿನ್ನೆ ರಾತ್ರಿಯಿಂದ ಒಂದು ಅಗಳೂ ಬಾಯಾಗ ಹಾಕಿಲ್ಲ" ಎಂದರು ಹಿರಿಯರು.

ಅವರು ಸುಳ್ಳು ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ಹಾಲು ಊಟವಲ್ಲ, ಬಾಳೆಹಣ್ಣು ತಿಂಡಿಯಲ್ಲ, ಪ್ರಸಾದವಂತೂ ಇವೆರಡೂ ಅಲ್ಲ. ಸೋಮವಾರದ ಉಪವಾಸದಲ್ಲಿಯೂ, ಶಿವರಾತ್ರಿಯ ಉಪವಾಸದಲ್ಲಿಯೂ ಹಾಲು ಹಣ್ಣು ಸಲ್ಲುತ್ತವೆ. ದಾದಿಯು ಹೇಳಿದ 'ಉಪವಾಸ' ಮತ್ತು ಹಿರಿಯರು ಕೇಳಿಸಿಕೊಂಡ 'ಉಪವಾಸ' ಒಂದೇ ಶಬ್ದವಾಗಿದ್ದವು; ಅರ್ಥ ಬೇರೆಯಾಗಿತ್ತು.

ಇಲ್ಲಿ ನಮ್ಮ ತಪ್ಪನ್ನು ನಾವು ಮುಚ್ಚಿಡಬಾರದು. ಅವರು ಹಾಲು ಕುಡಿದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು, ಆದರೂ ಸುಮ್ಮನಿದ್ದೆವು. ಪ್ರಸಾದವನ್ನು ತಿಂಡಿಯ ಲೆಕ್ಕಕ್ಕೆ ಸೇರಿಸಿ ಮಾತನಾಡಲು ನಾಲಿಗೆ ಏಳಲಿಲ್ಲ. ದೈವಯೋಗದಿಂದ ಅರಿವಳಿಕೆಯ ವೈದ್ಯೆಯೊಬ್ಬರು ಬಂದು ಇನ್ನೊಮ್ಮೆ ವಿಚಾರಿಸಿದರು. ಅವರ ಪ್ರಶ್ನೆ ಬೇರೆ ರೀತಿಯದಾಗಿತ್ತು: "ಬೆಳಿಗ್ಗೆ ಎದ್ದ ಮೇಲೆ ಬಾಯಿಂದ ಒಳಗೆ ಏನು ಹೋಗಿದೆ? ನೀರು, ಚಹಾ, ಹಾಲು, ಹಣ್ಣು, ಪ್ರಸಾದ, ಮಾತ್ರೆ, ಏನೇ ಆಗಲಿ ಹೇಳಿ." ಹಿರಿಯರು ಮುಗ್ಧವಾಗಿ ಎಲ್ಲವನ್ನೂ ಹೇಳಿದರು. ಶಸ್ತ್ರಚಿಕಿತ್ಸೆಯನ್ನು ಒಂದು ದಿನ ಮುಂದೂಡಲಾಯಿತು. ಊರಿನಿಂದ ಬಂದ ಬಂಧುಗಳು ಕೋಪಗೊಂಡರು, "ಒಂದು ಲೋಟ ಹಾಲಿಗೆ ಇಷ್ಟೇಕೆ?" ಎಂದು ಗೊಣಗಿದರು. ಆ ವೈದ್ಯೆಯು ಬೇಸರಿಸದೆ ವಿವರಿಸಿದ ಕಾರಣವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು.

ಬರಿಯ ಹೊಟ್ಟೆ ಏಕೆ?

ಶಸ್ತ್ರಚಿಕಿತ್ಸೆಯ ಮುನ್ನ ಹೊಟ್ಟೆ ಬರಿದಾಗಿರಬೇಕೆಂಬುದು ಹೊಟ್ಟೆಯನ್ನು ಕೊಯ್ಯುವ ಅನುಕೂಲಕ್ಕಾಗಿ ಎಂದು ಬಹುಜನರು ಭಾವಿಸಿದ್ದಾರೆ. ಮುಖ್ಯ ಕಾರಣ ಅದಲ್ಲ. ಅದು ಉಸಿರಿಗೆ ಸಂಬಂಧಿಸಿದ್ದು. ನಾವು ಎಚ್ಚರದಲ್ಲಿರುವಾಗ ಜಠರದಿಂದ ಏನಾದರೂ ಮೇಲೆ ಬಂದರೆ ಗಂಟಲು ತಾನಾಗಿಯೇ ಶ್ವಾಸನಾಳವನ್ನು ಕಾಯುತ್ತದೆ. ಕೆಮ್ಮು ಬಂದು ಹೊರಹಾಕುತ್ತದೆ. ಅರಿವಳಿಕೆಯಲ್ಲಿ ಈ ಕಾವಲು ಮಲಗಿರುತ್ತದೆ. ಆಗ ಜಠರದ ಆಮ್ಲವಾಗಲಿ, ಅರೆಜೀರ್ಣವಾದ ಆಹಾರವಾಗಲಿ ಮೇಲೇರಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಅಮೆರಿಕದ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಅವರು 1946ರಲ್ಲಿ, ನ್ಯೂಯಾರ್ಕ್ ಆಸ್ಪತ್ರೆಯೊಂದರ 44,016 ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿ, ಹೀಗೆ ಶ್ವಾಸಕೋಶಕ್ಕೆ ಜಠರದ ಪದಾರ್ಥ ಇಳಿದ 66 ಪ್ರಕರಣಗಳನ್ನು ವಿವರಿಸಿದರು. ಅಂದಿನಿಂದ ಈ ನಿಯಮವು ಜಗತ್ತಿನಾದ್ಯಂತ ಬಿಗಿಯಾಯಿತು.

ಹಾಲು ನೋಡಲು ದ್ರವ. ಆದರೆ ಜಠರಕ್ಕೆ ಇಳಿದೊಡನೆ ಆಮ್ಲದ ಸಂಪರ್ಕದಿಂದ ಒಡೆದು ಗಟ್ಟಿಯಾಗುತ್ತದೆ. ಆದುದರಿಂದ ವೈದ್ಯರ ಲೆಕ್ಕದಲ್ಲಿ ಹಾಲೂ, ಹಾಲು ಹಾಕಿದ ಚಹಾ-ಕಾಫಿಯೂ ಘನಾಹಾರಕ್ಕೆ ಸಮ. ಸಾಮಾನ್ಯ ನಿಯಮ ಹೀಗಿದೆ: ಹಗುರವಾದ ಆಹಾರ ಮತ್ತು ಹಾಲಿಗೆ ಅರಿವಳಿಕೆಗೆ ಮುನ್ನ ಕನಿಷ್ಠ 6 ಗಂಟೆಗಳ ಅಂತರ, ಕರಿದ, ಜಿಡ್ಡಿನ ಪದಾರ್ಥಗಳಿಗೆ 8 ಗಂಟೆ ಅಥವಾ ಅದಕ್ಕೂ ಹೆಚ್ಚು, ತಿಳಿನೀರಿಗೆ 2 ಗಂಟೆ. ಮಜ್ಜಿಗೆ, ಗಂಜಿ, ರಾಗಿ ಅಂಬಲಿ ಇವು ಕುಡಿಯುವ ಪದಾರ್ಥಗಳಾದರೂ ತಿಳಿನೀರಿನ ಸಾಲಿಗೆ ಸೇರುವುದಿಲ್ಲ. ಮಧುಮೇಹವಿರುವವರು, ಗರ್ಭಿಣಿಯರು, ಕರುಳು ಕಟ್ಟಿಕೊಂಡವರು ಮುಂತಾದವರಲ್ಲಿ ಜಠರವು ನಿಧಾನವಾಗಿ ಬರಿದಾಗಬಹುದಾದ್ದರಿಂದ ಅವರಿಗೆ ವೈದ್ಯರು ಬೇರೆ ಸೂಚನೆ ಕೊಡಬಹುದು. ಸಕ್ಕರೆ ರೋಗದ ಮಾತ್ರೆ, ಇನ್ಸುಲಿನ್‌ಗಳನ್ನು ಆ ದಿನ ತೆಗೆದುಕೊಳ್ಳಬೇಕೋ ಬಿಡಬೇಕೋ ಎಂಬುದನ್ನೂ ಮುನ್ನಾದಿನವೇ ಕೇಳಿಕೊಳ್ಳತಕ್ಕದ್ದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಕೆಲವರು ಭಯದಿಂದ ಎರಡು ದಿನ ಮುಂಚಿತವಾಗಿಯೇ ಊಟ ಬಿಡುತ್ತಾರೆ. ಮಧ್ಯಾಹ್ನ ಎರಡಕ್ಕೆ ಶಸ್ತ್ರಚಿಕಿತ್ಸೆಯಿದ್ದರೂ ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿಯದೆ ಒಣಗಿ ಹೋಗುತ್ತಾರೆ. ಇದರಿಂದ ಪುಣ್ಯವೂ ಇಲ್ಲ, ಪ್ರಯೋಜನವೂ ಇಲ್ಲ, ನಿತ್ರಾಣವೊಂದೇ ಫಲ. "ನನ್ನ ಸಮಯ ಎಷ್ಟಕ್ಕೆ? ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು? ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು?" ಎಂದು ಗಡಿಯಾರದ ಗಂಟೆಯನ್ನೇ ಕೇಳಿ ತಿಳಿಯಬೇಕು.

ಲಿಂಗಪೂಜೆಯ ಬಗೆಗೆ ನಿಷ್ಠಾವಂತರಿಗೆ ಸಂಶಯ ಬರುವುದು ಸಹಜ. ಪೂಜೆಯನ್ನು ಯಾರೂ ಬೇಡವೆನ್ನುವುದಿಲ್ಲ. ನಸುಕಿನಲ್ಲಿಯೇ ಪೂಜೆ ಮುಗಿಸಿ, ಪಾದೋದಕವನ್ನು ವೈದ್ಯರು ಹೇಳಿದ ವೇಳೆಯೊಳಗೆ ಮಿತವಾಗಿ ಸ್ವೀಕರಿಸಬಹುದು. ಹಾಲು ಹಣ್ಣುಗಳ ಪ್ರಸಾದವನ್ನು ಮನೆಯವರು ಸ್ವೀಕರಿಸಲಿ. ರೋಗಿಯು ಚೇತರಿಸಿಕೊಂಡ ಮೇಲೆ ಸ್ವೀಕರಿಸಲಿ. ತಡೆದು ಸ್ವೀಕರಿಸಿದ ಮಾತ್ರಕ್ಕೆ ಪ್ರಸಾದಕ್ಕೆ ಅಗೌರವವಾಗುವುದಿಲ್ಲ. ಕಾಯವನ್ನು ಉಳಿಸಿಕೊಳ್ಳುವುದೂ ಶಿವನು ಮೆಚ್ಚುವ ಕಾರ್ಯವೇ.

ಕೊನೆಯಿಲ್ಲದ ಪಥ್ಯ

ಇನ್ನು ಎರಡನೆಯ ತಪ್ಪು ತಿಳಿವಳಿಕೆಯ ಕಥೆ. ಇದು ನಮ್ಮದೇ. ಲ್ಯಾಪರೊಸ್ಕೋಪಿ ವಿಧಾನದಿಂದ ನಮ್ಮ ಪಿತ್ತಕೋಶವನ್ನು ತೆಗೆದು, ಎರಡು ದಿನಗಳಲ್ಲಿ ಮನೆಗೆ ಕಳುಹಿಸಿದರು. ಕೈಗೆ ಕೊಟ್ಟ ಹಾಳೆಯಲ್ಲಿ "ಎಣ್ಣೆ, ಜಿಡ್ಡು, ಖಾರ ವರ್ಜ್ಯ. ಮೃದು ಆಹಾರ" ಎಂದು ಬರೆದಿತ್ತು. ಎಷ್ಟು ದಿನವೆಂದು ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ಬಂದ ಭಕ್ತರೆಲ್ಲರೂ ಒಂದೊಂದು ನಿಷೇಧವನ್ನು ಸೇರಿಸಿದರು. ಒಬ್ಬರು ಬೇಳೆ ಬೇಡವೆಂದರು, ಇನ್ನೊಬ್ಬರು ಹಾಲು ಕಫವೆಂದರು, ಮತ್ತೊಬ್ಬರು ಜೋಳದ ರೊಟ್ಟಿ ಹೊಲಿಗೆಯನ್ನು ಬಿಚ್ಚುತ್ತದೆಂದರು. ಪರಿಣಾಮವಾಗಿ ಏಳು ತಿಂಗಳು ನಾವು ಗಂಜಿ, ಅನ್ನ, ತಿಳಿಸಾರುಗಳಲ್ಲಿಯೇ ಕಾಲ ಕಳೆದೆವು. ತೂಕ 9 ಕಿಲೋ ಇಳಿಯಿತು. ಪ್ರವಚನಕ್ಕೆಂದು ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಕುಳಿತೆವು. ಮತ್ತೆ ವೈದ್ಯರ ಬಳಿಗೆ ಹೋದಾಗ ಅವರು ಆಶ್ಚರ್ಯದಿಂದ, "ಸ್ವಾಮಿ, ಆ ಪಥ್ಯ ಎರಡು ಮೂರು ವಾರಕ್ಕೆ ಮಾತ್ರ" ಎಂದರು. ಗುರುವಿನ ಎದುರು ಸಂಶಯವನ್ನು ಮುಚ್ಚಿಡಬಾರದೆಂದು ಮಠದಲ್ಲಿ ಕಲಿತವರು ನಾವು. ವೈದ್ಯರ ಎದುರು ಆ ಪಾಠವನ್ನು ಮರೆತಿದ್ದೆವು.

ಪಿತ್ತವನ್ನು ತಯಾರಿಸುವುದು ಪಿತ್ತಕೋಶವಲ್ಲ, ಯಕೃತ್ತು. ಅದು ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಸ್ರವಿಸುತ್ತದೆ. ಪಿತ್ತಕೋಶವು ಅದರಲ್ಲಿ 30ರಿಂದ 50 ಮಿಲಿಲೀಟರಿನಷ್ಟನ್ನು ಗಟ್ಟಿಗೊಳಿಸಿ ಕೂಡಿಟ್ಟು, ಜಿಡ್ಡಿನ ಊಟ ಬಂದಾಗ ಹೊರಬಿಡುವ ಚಿಕ್ಕ ಚೀಲ ಮಾತ್ರ. ಅದನ್ನು ತೆಗೆದ ಮೇಲೆ ಪಿತ್ತವು ಕರುಳಿಗೆ ನೇರವಾಗಿ ಹರಿಯುತ್ತದೆ. ಕುದುರೆಗೆ ಪಿತ್ತಕೋಶವೇ ಇಲ್ಲ. ಅದು ಆರೋಗ್ಯವಾಗಿ ಓಡುತ್ತದೆ. ಜರ್ಮನಿಯ ಕಾರ್ಲ್ ಲಾಂಗೆನ್‌ಬುಖ್ ಅವರು 1882ರಲ್ಲಿ ಬರ್ಲಿನ್ನಿನಲ್ಲಿ ಪಿತ್ತಕೋಶವನ್ನು ಮೊದಲ ಬಾರಿಗೆ ತೆಗೆದಂದಿನಿಂದ ಅದಿಲ್ಲದೆ ಬಾಳಿದವರು ಅಸಂಖ್ಯಾತರು. ಮೊದಲ ಕೆಲವು ವಾರ ಜಿಡ್ಡು ಹೆಚ್ಚಾದರೆ ಹೊಟ್ಟೆಯುಬ್ಬರ, ಸಡಿಲ ಭೇದಿ ಆಗಬಹುದು. ಆಗ ಜಿಡ್ಡನ್ನು ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಂಡು, ಕ್ರಮೇಣ ಎಂದಿನ ಊಟಕ್ಕೆ ಮರಳಬೇಕು. ಜಿಡ್ಡನ್ನು ಪೂರ್ತಿಯಾಗಿ ಬಿಡುವುದೂ ಯೋಗ್ಯವಲ್ಲ. ಎ, ಡಿ, ಇ, ಕೆ ಜೀವಸತ್ವಗಳು ದೇಹಕ್ಕೆ ಹತ್ತಬೇಕಾದರೆ ಜಿಡ್ಡಿನ ಸಹಾಯ ಬೇಕು. ಭೇದಿಯು ನಿಲ್ಲದೆ ಮುಂದುವರಿದರೆ ಮನೆಮದ್ದಿಗೆ ತೊಡಗದೆ ವೈದ್ಯರಿಗೆ ತಿಳಿಸಬೇಕು.

ಪ್ರಾಚೀನರ ಕ್ರಮ, ಇಂದಿನ ಅರಿವು

ನಮ್ಮ ಪ್ರಾಚೀನರು ಆಹಾರಕ್ರಮದ ಬಗೆಗೆ ಸೂಕ್ಷ್ಮವಾಗಿ ಚಿಂತಿಸಿದ್ದರು. ಕರುಳು ಛಿದ್ರವಾದಾಗ ಕಪ್ಪಿರುವೆಗಳಿಂದ ಕಚ್ಚಿಸಿ ಆ ಬಾಯನ್ನು ಕೂಡಿಸುವ ವಿಧಾನವನ್ನು ಸುಶ್ರುತಸಂಹಿತೆಯು ಹೇಳುತ್ತದೆ. ವಮನ ವಿರೇಚನಗಳ ನಂತರ ಮೊದಲು ಪೇಯ ಎಂಬ ತೆಳುಗಂಜಿ, ಬಳಿಕ ವಿಲೇಪಿ ಎಂಬ ಗಟ್ಟಿಗಂಜಿ, ಆಮೇಲೆ ಯೂಷ ಎಂಬ ಬೇಳೆಯ ಕಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಂಸರ್ಜನಕ್ರಮವನ್ನು ಚರಕಸಂಹಿತೆಯು ವಿಧಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಅದು ಏರುವ ಕ್ರಮವೇ ಹೊರತು ಗಂಜಿಯಲ್ಲಿಯೇ ನಿಲ್ಲುವ ಕ್ರಮವಲ್ಲ. ಕೆಲವೇ ದಿನಗಳಲ್ಲಿ ಎಂದಿನ ಊಟಕ್ಕೆ ಮುಟ್ಟಿಸುವುದು ಅದರ ಉದ್ದೇಶ. ಹಾಗೆಯೇ ಅದನ್ನು ಹೇಳಿದ್ದು ಶೋಧನಕರ್ಮಕ್ಕಾಗಿ. ಇಂದಿನ ಶಸ್ತ್ರಚಿಕಿತ್ಸೆಗೆ ಅದನ್ನೇ ಪ್ರಮಾಣವೆಂದು ಹಿಡಿಯುವುದು ಉಚಿತವಲ್ಲ.

ಏಕೆಂದರೆ ಆಧುನಿಕ ವೈದ್ಯರೇ ತಮ್ಮ ಹಳೆಯ ನಿಯಮವನ್ನು ತಿದ್ದಿಕೊಂಡಿದ್ದಾರೆ. ಕರುಳಿನ ಶಸ್ತ್ರಚಿಕಿತ್ಸೆಯಾದವನಿಗೆ ವಾಯು ಸರಿಯುವವರೆಗೆ, ಅಂದರೆ ಹಲವು ದಿನಗಳವರೆಗೆ, ಬಾಯಿಂದ ಏನನ್ನೂ ಕೊಡಬಾರದೆಂಬುದು ಹಿಂದಿನ ಪದ್ಧತಿ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಅವರು 1990ರ ದಶಕದಲ್ಲಿ ಇದನ್ನು ಪ್ರಶ್ನಿಸಿದರು. ನೋವನ್ನು ಚೆನ್ನಾಗಿ ಶಮನಗೊಳಿಸಿ, ಬೇಗನೆ ಎಬ್ಬಿಸಿ ನಡೆಸಿ, ಬೇಗನೆ ಉಣಿಸಿದರೆ ರೋಗಿಯು ಬೇಗನೆ ಚೇತರಿಸಿಕೊಳ್ಳುವನೆಂದು ತೋರಿಸಿದರು. ಇಂದು ಅನೇಕ ಕರುಳಿನ ಶಸ್ತ್ರಚಿಕಿತ್ಸೆಗಳ ನಂತರ ಅದೇ ದಿನ ದ್ರವಾಹಾರ, ಮರುದಿನವೇ ಆಹಾರ ಆರಂಭಿಸುವುದುಂಟು. ಆದುದರಿಂದ ವೈದ್ಯರು ಉಣ್ಣಲು ಹೇಳಿದಾಗ "ಇಷ್ಟು ಬೇಗ ಹೇಗೆ?" ಎಂದು ಹೆದರಿ ತಟ್ಟೆಯನ್ನು ದೂಡಬಾರದು. ಅವರು ಬೇಡವೆಂದಾಗ ಕದ್ದು ಉಣಿಸಲೂ ಬಾರದು.

ಗಾಯ ಮಾಯುವುದು ಗಂಜಿಯಿಂದಲ್ಲ

ಕೊಯ್ದ ಚರ್ಮ, ಹೊಲಿದ ಕರುಳು ಕೂಡಿಕೊಳ್ಳಬೇಕಾದರೆ ದೇಹಕ್ಕೆ ಪ್ರೋಟೀನು ಬೇಕು. ಶಸ್ತ್ರಚಿಕಿತ್ಸೆಯಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ವೈದ್ಯರ ಸಾಮಾನ್ಯ ಲೆಕ್ಕ. 60 ಕಿಲೋ ತೂಕದವರಿಗೆ ಇದು 72ರಿಂದ 90 ಗ್ರಾಂ ಆಯಿತು. 30 ಗ್ರಾಂ ಅಕ್ಕಿಯ ಒಂದು ಬಟ್ಟಲು ಗಂಜಿಯಲ್ಲಿ ಇರುವುದು ಸುಮಾರು 2 ಗ್ರಾಂ. ಆರು ಬಟ್ಟಲು ಕುಡಿದರೂ 12 ಗ್ರಾಂ! ಏಳು ತಿಂಗಳು ನಮ್ಮ ಶರೀರವು ಏಕೆ ಕರಗಿತೆಂಬುದಕ್ಕೆ ಈ ಲೆಕ್ಕವೇ ಉತ್ತರ.

ಸಸ್ಯಾಹಾರಿಗಳಾದ ನಮಗೆ ಇದು ಅಸಾಧ್ಯವೇನಲ್ಲ. ಅರ್ಧ ಲೀಟರು ಹಾಲು ಅಥವಾ ಮೊಸರಿನಿಂದ ಸುಮಾರು 16 ಗ್ರಾಂ, ದಿನವಿಡೀ ಬಳಸುವ 100 ಗ್ರಾಂ ಬೇಳೆಯಿಂದ ಸುಮಾರು 22 ಗ್ರಾಂ, 200 ಗ್ರಾಂ ಜೋಳದ ಹಿಟ್ಟಿನಿಂದ ಸುಮಾರು 20 ಗ್ರಾಂ, 50 ಗ್ರಾಂ ಪನೀರಿನಿಂದ ಸುಮಾರು 9 ಗ್ರಾಂ, 30 ಗ್ರಾಂ ಶೇಂಗಾದಿಂದ ಸುಮಾರು 7 ಗ್ರಾಂ ದೊರೆಯುತ್ತದೆ. ಮೊದಲ ದಿನಗಳಲ್ಲಿ ಹೆಸರುಬೇಳೆಯ ತೊವ್ವೆ, ಮೊಸರನ್ನ, ಮೆತ್ತನೆಯ ಕಿಚಡಿ. ಬಳಿಕ ವೈದ್ಯರ ಅನುಮತಿಯಂತೆ ರೊಟ್ಟಿ, ಮುದ್ದೆ, ಕಾಳುಪಲ್ಯ. ಮೂತ್ರಪಿಂಡದ ರೋಗವಿರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ತಮ್ಮ ವೈದ್ಯರಿಂದಲೇ ನಿಶ್ಚಯಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಗೆ ಮೊದಲೇ ತೂಕ ಬಹಳ ಇಳಿದಿದ್ದರೆ ಅದನ್ನೂ ವೈದ್ಯರಿಗೆ ಹೇಳತಕ್ಕದ್ದು. ತುರ್ತಿಲ್ಲದಿದ್ದರೆ ಒಂದೆರಡು ವಾರ ಪುಷ್ಟಿಕರ ಆಹಾರ ಕೊಟ್ಟು, ಅನಂತರ ಶಸ್ತ್ರಚಿಕಿತ್ಸೆ ಮಾಡುವುದುಂಟು.

ಒಬ್ಬರ ಪಥ್ಯ ಇನ್ನೊಬ್ಬರಿಗಲ್ಲ

"ನಮ್ಮ ಮಾವನವರಿಗೂ ಹೊಟ್ಟೆ ಆಪರೇಷನ್ ಆಗಿತ್ತು, ಅವರು ಹೀಗೆ ಮಾಡಿದರು" ಎಂಬ ಮಾತು ಪ್ರತಿಯೊಂದು ಆಸ್ಪತ್ರೆಯ ಹಜಾರದಲ್ಲಿಯೂ ಕೇಳಿಬರುತ್ತದೆ. ಆದರೆ ಹೊಟ್ಟೆಯೆಂಬುದು ಒಂದೇ ಅಂಗವಲ್ಲ.

ಜಠರವನ್ನು ತೆಗೆದವರಿಗೆ ಆಹಾರವನ್ನು ಕೂಡಿಡುವ ಉಗ್ರಾಣವೇ ಚಿಕ್ಕದಾಗಿರುತ್ತದೆ. ಅವರು ದಿನಕ್ಕೆ ಆರು ಬಾರಿ ಸ್ವಲ್ಪ ಸ್ವಲ್ಪ ಉಣ್ಣಬೇಕು. ಊಟದ ನಡುವೆ ಹೆಚ್ಚು ನೀರು ಕುಡಿಯದೆ, ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರವಿಡಬೇಕು. ಹಬ್ಬದ ದಿನ ಒತ್ತಾಯ ಮಾಡಿ ಹೋಳಿಗೆ, ಪಾಯಸ ಬಡಿಸಿದರೆ, ಸಿಹಿಯು ಒಮ್ಮೆಲೇ ಕರುಳಿಗೆ ಇಳಿದು ಎದೆ ಬಡಿತ, ಬೆವರು, ತಲೆಸುತ್ತು ಬರಬಹುದು.

ಇವರಲ್ಲಿಯೂ, ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದವರಲ್ಲಿಯೂ ಇನ್ನೊಂದು ಮುಖ್ಯ ಸಂಗತಿಯುಂಟು. ಬಿ-12 ಜೀವಸತ್ವವು ದೇಹಕ್ಕೆ ಸೇರಲು ಜಠರದಲ್ಲಿ ಹುಟ್ಟುವ ಒಂದು ದ್ರವ್ಯವೂ ಕರುಳಿನ ಆ ಕೊನೆಯ ಭಾಗವೂ ಬೇಕು. ಸಸ್ಯಾಹಾರಿಗಳಿಗೆ ಈ ಜೀವಸತ್ವವು ಹಾಲು ಮೊಸರುಗಳಿಂದ ಮಾತ್ರ ಅಷ್ಟಿಷ್ಟು ದೊರೆಯುತ್ತದೆ. ಆದ್ದರಿಂದ ನಮ್ಮವರಲ್ಲಿ ಅದರ ಸಂಗ್ರಹ ಮೊದಲೇ ಕಡಿಮೆಯಿರಬಹುದು. ಕೊರತೆಯು ಕೂಡಲೇ ಕಾಣದೆ ವರ್ಷಗಳ ನಂತರ ಕೈಕಾಲು ಜೋಮು, ನಾಲಿಗೆಯ ಉರಿ, ಮರೆವು, ರಕ್ತಹೀನತೆಗಳಾಗಿ ಪ್ರಕಟವಾಗುತ್ತದೆ. "ಆರಾಮಾಗಿದ್ದೇನಲ್ಲ, ಇನ್ನೇಕೆ ಸೂಜಿ?" ಎಂದು ಚುಚ್ಚುಮದ್ದನ್ನು ಬಿಟ್ಟವರು ನರಗಳನ್ನು ಕೆಡಿಸಿಕೊಂಡಾರು. ಜಠರವನ್ನು ಪೂರ್ತಿ ತೆಗೆದವರಿಗೆ ಬಿ-12 ಪೂರೈಕೆ ಜೀವನಪರ್ಯಂತ ಬೇಕು.

ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಿಸಿಕೊಂಡವರ ಸ್ಥಿತಿ ಬೇರೆ. ನೀರನ್ನೂ ಉಪ್ಪನ್ನೂ ಹೀರುವ ದೊಡ್ಡ ಕರುಳು ಅವರಲ್ಲಿ ಕೆಲಸಕ್ಕೆ ಬಾರದ್ದರಿಂದ ಎರಡೂ ಹೊರಗೆ ಹೋಗುತ್ತವೆ. ಚೀಲ ಬೇಗ ತುಂಬುತ್ತದೆಂದು ನೀರು ಬಿಟ್ಟರೆ ಮೂತ್ರಪಿಂಡಕ್ಕೆ ಅಪಾಯ. ಬರಿಯ ನೀರನ್ನೇ ಹೆಚ್ಚು ಕುಡಿದರೆ ಉಪ್ಪು ಇನ್ನಷ್ಟು ನಷ್ಟ. ಇವರಿಗೆ ಉಪ್ಪು ಸಕ್ಕರೆ ಬೆರೆತ ಓಆರ್‌ಎಸ್ ದ್ರಾವಣದ ಅಗತ್ಯ ಬೀಳಬಹುದು. ಮೊದಲ ಕೆಲವು ವಾರ ನಾರು ಹೆಚ್ಚಿರುವ ಸೊಪ್ಪು, ಒಣಕೊಬ್ಬರಿ, ಮೆಕ್ಕೆಜೋಳ ಮುಂತಾದವು ದಾರಿಯನ್ನು ಕಟ್ಟಬಹುದಾದ್ದರಿಂದ ಅವನ್ನು ತಡೆದು, ಉಳಿದುದನ್ನು ಚೆನ್ನಾಗಿ ಅಗಿದು ಉಣ್ಣಬೇಕು.

ಕೇಳಬೇಕಾದ ಐದು ಪ್ರಶ್ನೆಗಳು

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮನೆಯಲ್ಲಿ ಯಾರಿಗಾದರೂ ಇಂಥ ಶಸ್ತ್ರಚಿಕಿತ್ಸೆ ನಿಶ್ಚಯವಾದರೆ, ಅಡುಗೆ ಮಾಡುವ ತಾಯಿಯನ್ನೂ ಸೊಸೆಯನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ. ಪಥ್ಯವು ನಡೆಯುವುದು ಅಡುಗೆಮನೆಯಲ್ಲಿ. ಐದು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ. ಯಾವ ಅಂಗವನ್ನು ಎಷ್ಟು ತೆಗೆಯುತ್ತಾರೆ? ಊಟ, ಹಾಲು, ನೀರು, ಮಾತ್ರೆಗಳನ್ನು ಎಷ್ಟು ಗಂಟೆಗೆ ನಿಲ್ಲಿಸಬೇಕು? ನಂತರ ಯಾವಾಗ, ಯಾವುದರಿಂದ ಆರಂಭಿಸಬೇಕು? ಈ ಪಥ್ಯ ಎಷ್ಟು ದಿನ? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು? 'ಮೃದು ಆಹಾರ' ಎಂದರೆ ನಮ್ಮ ಮನೆಯ ಯಾವ ಅಡುಗೆ ಎಂಬುದನ್ನು ಹೆಸರು ಹಿಡಿದು ಕೇಳಿರಿ. ಉತ್ತರವನ್ನು ನಿಮ್ಮ ಮಾತಿನಲ್ಲಿ ಅವರಿಗೆ ತಿರುಗಿ ಹೇಳಿ ತೋರಿಸಿರಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಯಾರು.

ನೋಡಲು ಹೋಗುವವರು ಬುತ್ತಿಯ ಬದಲು ಧೈರ್ಯವನ್ನು ಒಯ್ಯಲಿ. ಸಲಹೆಯನ್ನು ಮನೆಯಲ್ಲಿ ಬಿಟ್ಟು ಹೋಗಲಿ. ಬೆಳಗಾವಿಯಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ, ಮೈಸೂರಿನಲ್ಲಿ 1984ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದವರು ನಮ್ಮ ಹಿರಿಯರು. ಇಂಥ ಸಂಸ್ಥೆಗಳಿರುವ ಊರುಗಳಲ್ಲಿ ಮಠಗಳೂ ಮಹಿಳಾ ಮಂಡಳಗಳೂ ಕೂಡಿ, ರೊಟ್ಟಿ, ಮುದ್ದೆ, ಅಂಬಲಿ, ಪ್ರಸಾದಗಳ ಹೆಸರಿನಲ್ಲಿಯೇ ಬರೆದ ಸರಳ ಪಥ್ಯದ ಹಾಳೆಗಳನ್ನು ವೈದ್ಯರಿಂದ ಪರಿಶೀಲಿಸಿ ಹಂಚಿದರೆ ಅದೂ ಒಂದು ದಾಸೋಹವಾದೀತು.

ಆ ಹಿರಿಯರ ಶಸ್ತ್ರಚಿಕಿತ್ಸೆ ಮರುದಿನ ಸಾಂಗವಾಗಿ ನೆರವೇರಿತು. ಅಂದು ನಸುಕಿನಲ್ಲಿ ಅವರ ಧರ್ಮಪತ್ನಿಯವರು ಹಾಲಿನ ಲೋಟವನ್ನು ಅರ್ಪಿಸಿ, ಪತಿಗೆ ಕೊಡದೆ ಒಂದು ಕ್ಷಣ ನಿಂತರು. ಬಳಿಕ ನಮ್ಮ ಕಡೆ ನೋಡಿದರು. ಈ ಸಲ ನಾವು ಸುಮ್ಮನಿರಲಿಲ್ಲ. "ತಾಯಿ, ಪ್ರಸಾದವನ್ನು ತಾವು ಸ್ವೀಕರಿಸಿರಿ. ಅವರ ಪಾಲು ಎಲ್ಲಿಯೂ ಹೋಗುವುದಿಲ್ಲ" ಎಂದೆವು. ಆ ತಾಯಿ ಕಣ್ಣಿಗೊತ್ತಿಕೊಂಡು ತಾವೇ ಕುಡಿದರು. ಎರಡು ದಿನಗಳ ಮೇಲೆ ವೈದ್ಯರ ಅಪ್ಪಣೆಯಂತೆ ಹಿರಿಯರು ತಮ್ಮ ಪಾಲನ್ನು ಸ್ವೀಕರಿಸಿದರು.